ಇನ್ನೂ ಒಬ್ಬರು ಹಿಡಿದಿದ್ದಾರೆ

ದೊಡ್ಡಮ್ಮನ ಕರ್ನಲ್‌ನಲ್ಲಿ ಇಪ್ಪತ್ತೆರಡು ವರ್ಷದಿಂದ ಒಂದೇ ಒಂದು ತಪ್ಪು ಸಿಕ್ಕಿರಲಿಲ್ಲ. ಇದನ್ನು ಬೇರೆಯವರು ಹೇಳುವ ಮೊದಲು ಆಕೆಯೇ ಹೇಳುತ್ತಿದ್ದಳು. ಆಫೀಸಿಗೆ ಬಂದವರಿಗೆ ಕುರ್ಚಿ ಸಿಗುವ ಮೊದಲು ಈ ಸುದ್ದಿ ಸಿಗುತ್ತಿತ್ತು. ನೀರಿನ ಕ್ಯಾನ್ ತರುವವನಿಗೆ ಗೊತ್ತಿತ್ತು, ಕೆಳಗಿನ ಕನ್ನಡಕದ ಅಂಗಡಿಯವನಿಗೆ ಗೊತ್ತಿತ್ತು. ಒಮ್ಮೆ ರಾಂಗ್ ನಂಬರ್ ಒತ್ತಿ ಫೋನ್ ಮಾಡಿದ ಯಾರೋ ಪಾಪದವನೂ ಅರ್ಧ ಗಂಟೆ ಕೇಳಿಸಿಕೊಂಡು, ತಾನು ಯಾರಿಗೆ ಫೋನ್ ಮಾಡಹೊರಟಿದ್ದೆ ಎಂಬುದನ್ನೇ ಮರೆತು ಇಟ್ಟುಬಿಟ್ಟಿದ್ದ.

ಕರ್ನಲ್ ಎಂದರೆ ಯಂತ್ರದೊಳಗಿನ ಯಜಮಾನಿಕೆ. ಯಾರಿಗೆ ಯಾವಾಗ ಸರದಿ, ಯಾವ ತಂತಿ ಯಾರ ಸುಪರ್ದಿಗೆ, ಯಾರ ಮಾತು ಯಾರ ಕಿವಿಗೆ ಬೀಳಬಾರದು, ಎಲ್ಲವನ್ನೂ ತೀರ್ಮಾನಿಸುವ ಪ್ರೋಗ್ರಾಮು. ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದ ಆಕೆಯ ಆಫೀಸು ಮಾಡಿ ಮಾರುತ್ತಿದ್ದುದು ಒಂದೇ ವಸ್ತು, ಚಪ್ಪಲಿ ಡಬ್ಬಿಯಷ್ಟು ದೊಡ್ಡದಾದ ಒಂದು ಬೂದು ಪೆಟ್ಟಿಗೆ. ಅದಕ್ಕೆ ಒಂದು ದಪ್ಪ ತಂತಿ ಸಿಕ್ಕಿಸಿದರೆ ಸಾಕು, ಒಳಗಿನ ಕರ್ನಲ್ ಆ ಒಂದನ್ನೇ ಹಲವು ನೆಟ್‌ವರ್ಕುಗಳಾಗಿ ಹಂಚುತ್ತಿತ್ತು. ಹಂಚುವುದಕ್ಕಾಗಿ ಒಳಗೊಳಗೇ ಡಿವೈಸುಗಳನ್ನು ಇಟ್ಟುಕೊಂಡಿತ್ತು. ಆ ಡಿವೈಸಿಗೆ ತಿರುಪಿಲ್ಲ, ತಗಡಿಲ್ಲ, ಮಿಣುಕುವ ದೀಪವಿಲ್ಲ. ಬರೀ ಬರಹದಲ್ಲಿ ಹುಟ್ಟಿದ್ದು. ಆದರೂ ಅದರ ಆಚೆ ಕೂತವನಿಗೆ ತನ್ನದೇ ಒಂದು ತಂತಿ, ತನ್ನದೇ ಒಂದು ಬಾಗಿಲು ಇದೆಯೆಂದೇ ಅನ್ನಿಸುತ್ತಿತ್ತು.

ಇಂಥವು ಎಷ್ಟಿರಬೇಕೆಂದು ಕರ್ನಲ್ ಬರೆಯುವಾಗಲೇ ದೊಡ್ಡಮ್ಮ ಗೊತ್ತುಮಾಡಿಬಿಟ್ಟಿದ್ದಳು: ಹದಿನಾರು. ಯಾಕೆ ಹದಿನಾರು ಎಂದು ಕೇಳಿದರೆ, “ಹದಿನೇಳನೇದು ಯಾರಿಗೆ ಬೇಕು?” ಎನ್ನುತ್ತಿದ್ದಳು. ಹದಿನೇಳನೆಯವನು ಬಂದ ಮೇಲೆ ಅದು ಮೂವತ್ತೆರಡಾಯಿತು, ಆಮೇಲೆ ಅರವತ್ತನಾಲ್ಕಾಯಿತು. ಪ್ರತಿ ಸಲವೂ ಅಂಕಿ ತಿದ್ದಿ, ಇಡೀ ಕರ್ನಲ್ಲನ್ನು ಯಂತ್ರದ ಭಾಷೆಗೆ ಹೊಸದಾಗಿ ಕಂಪೈಲ್ ಮಾಡಿ, ಪೆಟ್ಟಿಗೆಯನ್ನು ಆರಿಸಿ ಹಚ್ಚಬೇಕಾಗಿತ್ತು. ಆ ನಾಲ್ಕು ನಿಮಿಷ ಯಾರಿಗೂ ನೆಟ್‌ವರ್ಕ್ ಇಲ್ಲ.

ಹೀಗಿರುವಾಗ ವಸ್ತುಪ್ರದರ್ಶನ ಭವನದ ಮೇನೇಜರ್ ಫೋನ್ ಮಾಡಿದ. ಆ ಭವನ ಎಷ್ಟು ದೊಡ್ಡದೆಂದರೆ, ಒಂದು ತುದಿಯಲ್ಲಿ ಹೊರಟ ಸೀನು ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಸೀನಿದವನ ನೆಗಡಿ ವಾಸಿಯಾಗಿರುತ್ತಿತ್ತು. ಅಲ್ಲಿ ಕೂಗಿ ಕೆಲಸ ಮಾಡಿಸಲು ಆಗದೆ ಮೇನೇಜರ್ ಕೊರಳಿಗೆ ಒಂದು ಶಿಳ್ಳೆ ಕಟ್ಟಿಕೊಂಡಿದ್ದ. ಒಂದು ಶಿಳ್ಳೆಗೆ ಕಾರ್ಪೆಟ್‌ನವರು, ಎರಡಕ್ಕೆ ಬಡಗಿಗಳು, ಮೂರಕ್ಕೆ ಎಲೆಕ್ಟ್ರಿಶಿಯನ್ ಓಡಿಬರುತ್ತಿದ್ದರು. ಹಾಗಾಗಿ ಬೆನ್ನ ಹಿಂದೆ ಎಲ್ಲರೂ ಅವನನ್ನು ಶಿಳ್ಳೆ ಎಂದೇ ಕರೆಯುತ್ತಿದ್ದರು.

“ಮೇಡಂ, ನಿಮ್ಮ ಪೆಟ್ಟಿಗೆ ಬಗ್ಗೆ ಮಾತಾಡ್ಬೇಕು.”

“ಹೊಗಳೋದಾದ್ರೆ ಮಾತಾಡಿ. ಬೇರೆ ಏನಾದ್ರೂ ಆದ್ರೆ ನಾನು ಊಟಕ್ಕೆ ಕೂತಿದ್ದೀನಿ.”

“ನಿನ್ನೆ ಅರವತ್ತೈದನೇ ಮಳಿಗೆಯವನು ಬಂದ. ಕುರ್ಚಿ ಮಾಡೋನು. ಅವನೊಬ್ಬನಿಗೋಸ್ಕರ ಇಡೀ ಭವನ ಆರಿಸಿ ಹಚ್ಚಬೇಕಾಯ್ತು. ಅದೇ ಹೊತ್ತಿಗೆ ಹೊಲಿಗೆ ಯಂತ್ರದವರು ಹೊರದೇಶದ ಗಿರಾಕಿಗಳಿಗೆ ಲೈವ್ ತೋರಿಸ್ತಿದ್ರು. ಮೇಲೆ ಹೋದ ಸೂಜಿ ಕೆಳಗೆ ಬರಲೇ ಇಲ್ಲ. ನಾಲ್ಕು ನಿಮಿಷ ಗಿರಾಕಿಗಳು ಆ ಸೂಜಿನೇ ನೋಡ್ಕೊಂಡು ಕೂತಿದ್ರಂತೆ.”

“ಒಳ್ಳೆ ಸೂಜಿ ಇರ್ಬೇಕು.”

“ತಮಾಷೆ ಸಾಕು ಮೇಡಂ. ಮುಂದಿನ ಪ್ರದರ್ಶನಕ್ಕೆ ಇನ್ನೂರ ನಲವತ್ತು ಮಳಿಗೆ. ದಿನಾ ಬರೋರು ಬರ್ತಾರೆ, ಹೋಗೋರು ಹೋಗ್ತಾರೆ. ಬಂದಾಗ ಡಿವೈಸ್ ಹುಟ್ಟಬೇಕು, ಹೋದಾಗ ಹೋಗಬೇಕು. ಪಕ್ಕದವರಿಗೆ ಗೊತ್ತೇ ಆಗಬಾರದು. ಹದಿನೈದು ದಿನ ಕೊಟ್ಟಿದ್ದೀನಿ. ಅದು ಮುಗಿದ ಶನಿವಾರ ಬೆಳಿಗ್ಗೆ ನನ್ನೆದುರಿಗೆ ಮಾಡಿ ತೋರಿಸಿ. ಒಂದೇ ಒಂದು ಸಲ ರೀಸ್ಟಾರ್ಟ್ ಆದ್ರೂ ನಿಮ್ಮ ಪೆಟ್ಟಿಗೆ ಕೈಗಾಡಿ ಮೇಲೆ ಹೊರಗೆ ಹೋಗುತ್ತೆ. ಬೇರೆಯವರ ಪೆಟ್ಟಿಗೆ ಆಗಲೇ ತರಿಸಿಟ್ಟಿದ್ದೀನಿ.”

ಫೋನ್ ಇಟ್ಟಾಗ ದೊಡ್ಡಮ್ಮನ ತಟ್ಟೆಯಲ್ಲಿ ಊಟ ಆರಿತ್ತು. ಆಕೆಯ ಪೆಟ್ಟಿಗೆ ಮೊಟ್ಟಮೊದಲು ಹೋಗಿ ಕೂತ ಜಾಗ ಅದೇ ಭವನ. ಆಮೇಲಿನ ಗಿರಾಕಿಗಳೆಲ್ಲ ಅಲ್ಲಿ ನೋಡಿ ಮೆಚ್ಚಿ ತಗೊಂಡವರು. ಅಲ್ಲಿಂದ ಹೊರಬಿದ್ದರೆ ಒಬ್ಬೊಬ್ಬರಾಗಿ ಎಲ್ಲರೂ ಕಳಚಿಕೊಳ್ಳುತ್ತಾರೆ, ಕರ್ನಲ್ ಬೀರುವಿನೊಳಗಿನ ಒಂದು ಡಿಸ್ಕಾಗಿ ಉಳಿಯುತ್ತದೆ ಎಂಬುದು ಆಕೆಗೆ ಗೊತ್ತಿತ್ತು. ಮಗನನ್ನು ಬೆಳೆಸಿದ್ದು ಹದಿನೆಂಟು ವರ್ಷ, ಕರ್ನಲ್ ಬೆಳೆಸಿದ್ದು ಇಪ್ಪತ್ತೆರಡು. ಯಾವುದು ಹೆಚ್ಚು ಮಾತು ಕೇಳುತ್ತದೆ ಎಂದು ಯಾರಾದರೂ ಕೇಳಿದ್ದರೆ ಆಕೆ ಯೋಚಿಸುವ ಗೋಜಿಗೇ ಹೋಗುತ್ತಿರಲಿಲ್ಲ.

ಈ ಕೆಲಸಕ್ಕೆ ಆಕೆ ಆರಿಸಿದ್ದು ಸೊಸೆಯನ್ನು. ಸೊಸೆಯನ್ನು ಸೊಸೆಯಾಗಿ ಆರಿಸಿದ್ದೂ ಇಂಥದೇ ಕಾರಣಕ್ಕೆ. ಹುಡುಗಿ ಆಫೀಸಿಗೆ ಸೇರಿದ ಮೊದಲ ವಾರವೇ ಬೇರೊಬ್ಬನ ಪ್ರೋಗ್ರಾಮಿನಲ್ಲಿ ಒಂಬತ್ತು ತಪ್ಪು ಹೆಕ್ಕಿ, ಒಂಬತ್ತನ್ನೂ ಹನ್ನೊಂದು ಸಾಲಿನಲ್ಲಿ ತಿದ್ದಿದ್ದಳು. ದೊಡ್ಡಮ್ಮ ಆ ಹನ್ನೊಂದು ಸಾಲನ್ನು ಪ್ರಿಂಟ್ ತೆಗೆಸಿ ಮನೆಗೆ ಒಯ್ದು ಮಗನ ಮುಂದೆ ಇಟ್ಟು, “ಹುಡುಗಿ ಹೇಗಿದ್ದಾಳೆ ನೋಡು” ಎಂದಿದ್ದಳು. ಮಗ ಶಾಲೆಯೊಂದರಲ್ಲಿ ಆಟದ ಮೇಷ್ಟ್ರು. ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಫೋಟೋ ಎಲ್ಲಿ ಎಂದು ಕೇಳಿದ್ದ. ಆಮೇಲೆ ಅವರಿಬ್ಬರೂ ತಾವಾಗಿಯೇ ಒಬ್ಬರನ್ನೊಬ್ಬರು ಮೆಚ್ಚಿ ಮದುವೆಯಾದರು ಎಂಬುದು ಮನೆಯಲ್ಲಿ ಉಳಿದವರ ಹೇಳಿಕೆ. ದೊಡ್ಡಮ್ಮ ಅದನ್ನು ಒಪ್ಪಿದ್ದಿಲ್ಲ.

ಮರುದಿನ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಚಹಾದ ಲೋಟಗಳ ನಡುವೆ ಕೆಲಸ ಶುರುವಾಯಿತು.

“ಹುಟ್ಟಿಸೋದು ಏನೂ ಅಲ್ಲ ಅತ್ತೆ, ಅರ್ಧ ದಿನದ ಮಾತು. ಕಳಿಸೋದೇ ಕಷ್ಟ,” ಎಂದಳು ಸೊಸೆ. “ಒಂದು ಡಿವೈಸನ್ನ ಕರ್ನಲ್ ಒಳಗೆ ಎಷ್ಟೋ ಕಡೆ ಹಿಡ್ಕೊಂಡಿರ್ತಾರೆ. ಯಾರೋ ಹಿಡಿದಿರುವಾಗಲೇ ನಾವು ಅಳಿಸಿಬಿಟ್ರೆ, ಅವರು ಇಲ್ಲದ್ದನ್ನ ಹಿಡ್ಕೊಂಡು ಜಗ್ತಾರೆ. ಇಡೀ ಕರ್ನಲ್ ಮಕಾಡೆ ಬೀಳುತ್ತೆ.”

“ಅದಕ್ಕೇ ನಾನು ಅವತ್ತೇ ಎಣಿಕೆ ಬರೆದಿಟ್ಟಿದ್ದೀನಿ. ಹಿಡಿದ್ರೆ ಒಂದು ಕೂಡಿಸು, ಬಿಟ್ರೆ ಒಂದು ಕಳೆ. ಸೊನ್ನೆ ಆಗೋವರೆಗೂ ಯಾರಪ್ಪ ಬಂದ್ರೂ ಅಳಿಸೋಕೆ ಆಗಲ್ಲ. ಆಗ ಯಾವ ಡಿವೈಸೂ ಎಲ್ಲಿಗೂ ಹೋಗ್ತಿರಲಿಲ್ಲ, ಆದ್ರೂ ಬರೆದೆ. ದೂರದೃಷ್ಟಿ ಅಂದ್ರೆ ಇದು.”

“ಗೊತ್ತು ಅತ್ತೆ. ಮದುವೆ ದಿನ ನಮ್ಮಮ್ಮಂಗೂ ಹೇಳಿದ್ರಿ.”

“ಅವರಿಗೆ ಇಷ್ಟ ಆಯ್ತು.”

“ನಾನೀಗ ಇದರ ಮೇಲೆ ಒಂದು ಡಂಗುರ ಇಡ್ತೀನಿ. ಒಂದು ಡಿವೈಸನ್ನ ತೆಗೀಬೇಕು ಅಂದ ಕೂಡಲೇ ಕರ್ನಲ್ ತುಂಬ ಡಂಗುರ ಹೊಡೆಯುತ್ತೆ, ಇಂಥದು ಹೊರಟಿದೆ, ಹಿಡಿದವರು ಬಿಡಿ ಅಂತ. ಒಬ್ಬೊಬ್ಬರೂ ಬಿಡ್ತಾರೆ, ಎಣಿಕೆ ಸೊನ್ನೆಗೆ ಬರುತ್ತೆ, ಆಮೇಲೆ ಅಳಿಸೋದು. ಡಂಗುರ ಕೇಳೋ ಕಿವಿಯನ್ನ ಕರ್ನಲ್ಲಿನ ನಲವತ್ತಮೂರು ಫೈಲಿಗೂ ಇಡಬೇಕು.”

“ನಲವತ್ತೆರಡಕ್ಕೆ ಇಡು.”

ಸೊಸೆ ಲೋಟ ಕೆಳಗಿಟ್ಟಳು. ಯಾವುದು ಆ ಇನ್ನೊಂದು ಎಂದು ಕೇಳುವ ಅಗತ್ಯ ಆಫೀಸಿನಲ್ಲಿ ಯಾರಿಗೂ ಇರಲಿಲ್ಲ. ಅದರ ಹೆಸರು ‘ಹಿರಿಯ’. ಪೆಟ್ಟಿಗೆ ಹಚ್ಚಿದಾಗ ಮೊದಲು ಹುಟ್ಟುವ ಡಿವೈಸನ್ನು ಹಿರಿಯನೆಂದು ಗುರುತಿಸಿ, ಕರ್ನಲ್ ತಾನಾಗಿ ಹೊರಗೆ ಕಳಿಸುವ ಸಂದೇಶಗಳನ್ನೆಲ್ಲ ಅದರ ಹೆಸರಿನಲ್ಲೇ ಕಳಿಸುವ ಫೈಲು. ದೊಡ್ಡಮ್ಮ ಮೊಟ್ಟಮೊದಲು ಬರೆದದ್ದು ಅದನ್ನೇ. ಅದರ ನೆತ್ತಿಯ ಮೇಲೆ ಎರಡು ವಾಕ್ಯಗಳಿದ್ದವು: ‘ಇಲ್ಲಿ ತಪ್ಪಿಲ್ಲ. ಮುಟ್ಟುವ ಮೊದಲು ನನ್ನನ್ನು ಕೇಳಿ.’ ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ಕೇಳಿದರೆ ಏನಾಗುತ್ತದೆ ಎಂದು ತಿಳಿಯುವ ಆಸೆಯೂ ಯಾರಿಗೂ ಇರಲಿಲ್ಲ.

“ಒಂದು ಕಿವಿ ತಾನೇ ಅತ್ತೆ. ಎಂಟು ಸಾಲು.”

“ತಪ್ಪಿಲ್ಲದ ಕಡೆ ತಿದ್ದೋದು ಏನಿರುತ್ತೆ? ಆರೋಗ್ಯವಾಗಿರೋನಿಗೆ ಯಾರಾದ್ರೂ ಕಟ್ಟು ಕಟ್ತಾರಾ?”

ಮಗ ಬಾಗಿಲಲ್ಲಿ ನಿಂತು ಬೂಟಿನ ದಾರ ಕಟ್ಟುತ್ತಿದ್ದ. “ಈ ಮನೇಲಿ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಕೇಳಿದ್ರೆ ಇಬ್ಬರಿಗೂ ಗೊತ್ತಿಲ್ಲ. ಅಲ್ಲಿ ನಲವತ್ತಮೂರು ಫೈಲು ಬಾಯಿಪಾಠ.”

“ಉಪ್ಪಿನ ಡಬ್ಬಿಗೆ ನಿನ್ನನ್ನ ಇಟ್ಕೊಂಡಿದ್ದೀವಲ್ಲ,” ಎಂದಳು ದೊಡ್ಡಮ್ಮ.

ಮುಂದಿನ ಹನ್ನೆರಡು ದಿನ ಸೊಸೆ ಬರೆದ ವೇಗಕ್ಕೆ ಕೀಬೋರ್ಡಿನ ಅಕ್ಷರಗಳು ಸವೆದು, ಕೊನೆಗೆ ಎಲ್ಲ ಕೀಗಳೂ ಬೋಳುತಲೆಗಳಂತೆ ಹೊಳೆಯತೊಡಗಿದವು. ನಾಲ್ಕು ಸಾವಿರ ಸಾಲು. ದೊಡ್ಡಮ್ಮ ಪಕ್ಕದ ಕುರ್ಚಿಯಲ್ಲಿ ಕೂತು ಒಂದೊಂದು ಸಾಲನ್ನೂ ಓದಿದಳು. ಮೆಚ್ಚಿದ ಕಡೆ ಏನೂ ಹೇಳುತ್ತಿರಲಿಲ್ಲ, ಮೂಗಿನಿಂದ ಒಂದು ಸಣ್ಣ ಸದ್ದು ಮಾಡುತ್ತಿದ್ದಳು. ಆ ಸದ್ದು ಆಫೀಸಿನಲ್ಲಿ ಬಹುಮಾನಕ್ಕಿಂತ ದೊಡ್ಡದು. ಹತ್ತು ವರ್ಷ ದುಡಿದವರಿಗೂ ಎರಡು ಮೂರು ಸಲ ಸಿಕ್ಕಿದ್ದರೆ ಹೆಚ್ಚು. ಸೊಸೆಗೆ ಹನ್ನೆರಡು ದಿನದಲ್ಲಿ ಐವತ್ತೋ ಅರವತ್ತೋ ಸಿಕ್ಕವು. ದೊಡ್ಡಮ್ಮನಿಗೆ ನೆಗಡಿ ಎಂದು ಆಫೀಸಿನವರು ಶುಂಠಿ ಕಷಾಯ ತಂದುಕೊಟ್ಟರು.

ಕೊನೆಯ ಮೂರು ದಿನ ರಿಹರ್ಸಲ್. ಅಂಥದೇ ಇನ್ನೊಂದು ಪೆಟ್ಟಿಗೆಯನ್ನು ಆಫೀಸಿನ ಆ ಮೂಲೆಯ ಕಪಾಟಿನಲ್ಲಿಟ್ಟು, ಈ ಮೂಲೆಯ ಮೇಜಿನಿಂದ ನೆಟ್‌ವರ್ಕಿನ ಮೂಲಕವೇ ಒಳಗೆ ಹೋಗಿ, ಇನ್ನೂರ ನಲವತ್ತು ಡಿವೈಸ್ ಹುಟ್ಟಿಸಿದರು, ತೆಗೆದರು, ಮತ್ತೆ ಹುಟ್ಟಿಸಿದರು, ಮತ್ತೆ ತೆಗೆದರು. ಸಾವಿರದ ನೂರು ಸಲ ಮಾಡಿದರು ಎಂದು ದೊಡ್ಡಮ್ಮ ಆಮೇಲೆ ಎಲ್ಲರಿಗೂ ಹೇಳಿದಳು. ಮುನ್ನೂರು ಸಲವಂತೂ ನಿಜ. ಒಂದು ಸಲವೂ ಪೆಟ್ಟಿಗೆ ತಡವರಿಸಲಿಲ್ಲ. ತೆಗೆಯುವಾಗ ಇನ್ನೂರ ನಲವತ್ತರಿಂದ ಶುರುಮಾಡಿ ಎರಡರವರೆಗೆ ಬಂದು ನಿಲ್ಲಿಸುತ್ತಿದ್ದರು. ಒಂದನೆಯದನ್ನು ತೆಗೆಯಲಿಲ್ಲ, ಏಕೆಂದರೆ ಮೇಜಿನಿಂದ ಪೆಟ್ಟಿಗೆಯೊಳಕ್ಕೆ ಹೋಗುತ್ತಿದ್ದುದೇ ಒಂದನೆಯ ಡಿವೈಸಿನ ಮೂಲಕ. ಅದನ್ನು ತೆಗೆದರೆ ತಾವೇ ಹೊರಗೆ ಬೀಳುತ್ತಿದ್ದರು. ಏಣಿಯ ಮೇಲೆ ನಿಂತವರು ಏಣಿಯನ್ನೇ ಎಳೆದುಹಾಕುವುದುಂಟೇ? ಇಬ್ಬರಿಗೂ ಅದು ಎಷ್ಟು ಸಹಜವಾಗಿತ್ತೆಂದರೆ, ತಾವು ಒಂದನ್ನು ಬಿಟ್ಟಿದ್ದೇವೆ ಎಂಬುದೇ ಹೊಳೆಯಲಿಲ್ಲ.

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಅತ್ತೆ ಸೊಸೆ ಭವನದ ಹಿಂಬಾಗಿಲಿನಿಂದ ಒಳಗೆ ಹೋದರು. ಹತ್ತಕ್ಕೆ ಬಾಗಿಲು ತೆರೆಯುವುದಿತ್ತು. ನೆಲದ ಮೇಲೆ ಸುತ್ತಿಟ್ಟ ಕಾರ್ಪೆಟ್ಟುಗಳು, ಟೇಪಿನಲ್ಲಿ ಅಂಟಿಸಿದ ಮಳಿಗೆ ನಂಬರುಗಳು, ಅರ್ಧ ಬಿಚ್ಚಿದ ರಟ್ಟಿನ ಡಬ್ಬಗಳು. ಹೊರಗೆ ಮಳಿಗೆಯವರ ಗಾಡಿಗಳು ಸಾಲುಗಟ್ಟಿದ್ದವು. ಮೆಟ್ಟಿಲ ಕೆಳಗಿನ ಜಾಲರಿ ಕೋಣೆಯಲ್ಲಿ ದೊಡ್ಡಮ್ಮನ ಬೂದು ಪೆಟ್ಟಿಗೆ ಕೂತಿತ್ತು, ಇಪ್ಪತ್ತೆರಡು ವರ್ಷದ ಧೂಳನ್ನು ಶಾಲಿನಂತೆ ಹೊದ್ದುಕೊಂಡು. ಅದರ ಪಕ್ಕದಲ್ಲೇ ಬೇರೆಯವರ ಪೆಟ್ಟಿಗೆ ತನ್ನ ರಟ್ಟಿನ ಡಬ್ಬದ ಮೇಲೆ ಸಿಂಗಾರಗೊಂಡು ನಿಂತಿತ್ತು. ಕಪ್ಪು ಮೈ, ಮೈತುಂಬ ನೀಲಿ ದೀಪ. ಕೈಗಾಡಿಯೂ ಬಂದಿತ್ತು. ಅದರ ಹಿಡಿಗೆ ಒರಗಿ ಎಲೆಕ್ಟ್ರಿಶಿಯನ್ ಫೋನಿನಲ್ಲಿ ಕುಸ್ತಿ ನೋಡುತ್ತಿದ್ದ.

“ಅದನ್ನ ಯಾಕಪ್ಪ ಈಗಲೇ ತಂದೆ?” ಎಂದಳು ದೊಡ್ಡಮ್ಮ ಗಾಡಿ ತೋರಿಸಿ.

“ಸಾಹೇಬರು ಮೂರು ಶಿಳ್ಳೆ ಹೊಡೆದ್ರು ದೊಡ್ಡಮ್ಮ, ತಂದೆ. ವಾಪಸ್ ತಗೊಂಡೋಗು ಅನ್ನೋಕೆ ಎಷ್ಟು ಶಿಳ್ಳೆ ಅಂತ ಇನ್ನೂ ಗೊತ್ತಾಗಿಲ್ಲ.”

ಹೊಸ ಕರ್ನಲ್ಲನ್ನು ಹಿಂದಿನ ರಾತ್ರಿಯೇ ಭವನದ ಪೆಟ್ಟಿಗೆಗೆ ಹಾಕಿ ಹಚ್ಚಿಯಾಗಿತ್ತು. ಈ ಸಲ ನೆಟ್‌ವರ್ಕಿನ ಮೂಲಕ ಹೋಗುವ ಮಾತಿರಲಿಲ್ಲ. ಕಣ್ಣೆದುರೇ ಆಗಬೇಕು ಎಂದು ಮೇನೇಜರ್ ಪಟ್ಟು ಹಿಡಿದಿದ್ದರಿಂದ ಪೆಟ್ಟಿಗೆಗೇ ನೇರವಾಗಿ ಸ್ಕ್ರೀನು, ಕೀಬೋರ್ಡು ಸಿಕ್ಕಿಸಿದರು. ಎಲೆಕ್ಟ್ರಿಶಿಯನ್ನನ ಫೋನನ್ನು ಒಂದನೆಯ ಮಳಿಗೆಯ ಡಿವೈಸಿಗೆ ಸೇರಿಸಿದರು. ಉಳಿದವು ಹುಟ್ಟಿ ಸಾಯುವಾಗ ಅವನ ಕುಸ್ತಿ ಒಂದು ಕ್ಷಣವೂ ನಿಲ್ಲಬಾರದು, ಅದೇ ಪರೀಕ್ಷೆ.

ಸೊಸೆ ಶುರುಮಾಡಿದಳು. ಕಣ್ಣು ಮಿಟುಕಿಸಿದವರಿಗೆ ನೂರು ಡಿವೈಸು ತಪ್ಪಿಹೋಯಿತು, ಕೆಮ್ಮಿದವರಿಗೆ ಉಳಿದ ನೂರ ನಲವತ್ತು. ಮೇನೇಜರ್ ಕೆಮ್ಮಿದ್ದ. ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓಡಿಸಿ ನೋಡಿ ಅನುಮಾನದಿಂದ, “ಎಪ್ಪತ್ತಮೂರು ತೆಗೀರಿ” ಎಂದ. ಎಪ್ಪತ್ತಮೂರು ಹೋಯಿತು. “ಇನ್ನೂರೊಂದು.” ಅದೂ ಹೋಯಿತು. “ಎಪ್ಪತ್ತಮೂರು ಮತ್ತೆ ಹಾಕಿ.” ಬಂತು. ಅವನು ಹೇಳಿ ಬಾಯಿ ಮುಚ್ಚುವ ಮೊದಲೇ ಆಗಿಬಿಡುತ್ತಿತ್ತು. ಕುಸ್ತಿಯವರು ಹಾಗೇ ಮಣ್ಣಲ್ಲಿ ಹೊರಳುತ್ತಿದ್ದರು. ದೊಡ್ಡಮ್ಮ ಕೈಕಟ್ಟಿ ನಿಂತು, ಆ ಕಪ್ಪು ಪೆಟ್ಟಿಗೆಯನ್ನು ಮೇಲಿನಿಂದ ಕೆಳಗೆ ನೋಡಿ ಮೂಗಿನಿಂದ ಸದ್ದು ಮಾಡಿದಳು. ಇದು ಬೇರೆ ಸದ್ದು.

“ಸರಿ. ಈಗ ಎಲ್ಲ ತೆಗೀರಿ,” ಎಂದ ಮೇನೇಜರ್.

“ಎಲ್ಲ ಅಂದ್ರೆ ನಂದೂನಾ?” ಎಂದ ಎಲೆಕ್ಟ್ರಿಶಿಯನ್. “ಈಗಷ್ಟೇ ಕತ್ತು ಸಿಕ್ಕಿದೆ ಅವನಿಗೆ.”

“ಎಲ್ಲ ಅಂದ್ರೆ ಎಲ್ಲ. ಪ್ರದರ್ಶನ ಮುಗಿದ ಮೇಲೆ ಒಂದು ಮಳಿಗೇನೂ ಉಳಿಯಲ್ಲ. ಅದೂ ಆಗುತ್ತಾ ನೋಡಬೇಕು.”

ಇನ್ನೂರ ನಲವತ್ತರಿಂದ ಎರಡರವರೆಗೆ ಸೊಸೆ ಒಂದೇ ಉಸಿರಿಗೆ ಗುಡಿಸಿ ಹಾಕಿದಳು. ಆಮೇಲೆ ಒಂದನೆಯದಕ್ಕೆ ಆಜ್ಞೆ ಕೊಟ್ಟಳು. ಕುಸ್ತಿ ನಿಂತಿತು. ಸ್ಕ್ರೀನಿನ ಮೇಲೆ ಕೆಲಸ ಮುಗಿದ ಗುರುತು ಬರಲಿಲ್ಲ. ಹತ್ತು ಸೆಕೆಂಡಿನ ಮೇಲೆ ಒಂದು ಸಾಲು ಬಂತು.

‘ಡಿವೈಸ್ ೧: ಇನ್ನೂ ಒಬ್ಬರು ಹಿಡಿದಿದ್ದಾರೆ. ಕಾಯುತ್ತಿದ್ದೇನೆ.’

ಅದು ದೊಡ್ಡಮ್ಮನೇ ಬರೆದಿದ್ದ ವಾಕ್ಯ. ತನ್ನ ಕರ್ನಲ್ ಮನೆಮಾತಿನಲ್ಲೇ ಮಾತಾಡಬೇಕೆಂದು ಹಟಹಿಡಿದು ಬರೆದದ್ದು. ಇಪ್ಪತ್ತೆರಡು ವರ್ಷದಲ್ಲಿ ಅದು ಬಾಯಿಬಿಟ್ಟಿದ್ದು ಅವತ್ತೇ ಮೊದಲು. ಇನ್ನೂ ಹತ್ತು ಸೆಕೆಂಡಿಗೆ ಅದೇ ಸಾಲು. ಮತ್ತೆ ಹತ್ತಕ್ಕೆ ಮತ್ತೆ ಅದೇ.

“ಏನಂತೆ ಅದು?” ಎಂದ ಮೇನೇಜರ್.

“ಯಾರೋ ಒಬ್ಬರು ಡಿವೈಸ್ ಬಿಡ್ತಿಲ್ಲ,” ಎಂದಳು ಸೊಸೆ. ಅವಳ ಕಿವಿ ಕೆಂಪಾಗಿತ್ತು. “ಅವರು ಬಿಡೋವರೆಗೂ ಇದು ಹೋಗಲ್ಲ. ಇದು ಹೋಗೋವರೆಗೂ ಹೊಸದು ಹುಟ್ಟಿಸೋಕೂ ಆಗಲ್ಲ, ಬೀಗ ಹಾಕ್ಕೊಂಡು ಕಾಯ್ತಾ ಇರುತ್ತೆ.”

“ಅಂದ್ರೆ ರೀಸ್ಟಾರ್ಟ್.”

“ಎರಡು ನಿಮಿಷ ಕೊಡಿ ಸಾರ್. ನಾನೇ ಎಲ್ಲೋ ತಪ್ಪು ಮಾಡಿರ್ಬೇಕು. ಯಾವುದೋ ಕಿವಿ ಇಡೋದು ಮರೆತಿದ್ದೀನಿ.”

“ಇಪ್ಪತ್ತೆರಡು ವರ್ಷ ಸರಿಯಿದ್ದದ್ದನ್ನ ಕೈಹಾಕಿ ಕೆಡಿಸಿದ್ರಿ ನೀವು,” ಎಂದ ಮೇನೇಜರ್ ಸೊಸೆಗೆ. ಆಮೇಲೆ ದೊಡ್ಡಮ್ಮನ ಕಡೆ ತಿರುಗಿ ಸ್ವಲ್ಪ ಮೆತ್ತಗೆ, “ನಿಮ್ಮದರಲ್ಲಿ ಯಾವತ್ತೂ ತಪ್ಪಿರಲಿಲ್ಲ ಮೇಡಂ, ಅದನ್ನ ನಾನೂ ಹೇಳ್ತೀನಿ. ಆದ್ರೆ ನನಗೆ ಬಾಗಿಲು ತೆಗೀಬೇಕು,” ಎಂದು ಗೋಡೆಯ ಸ್ವಿಚ್ಚಿನ ಕಡೆ ಹೆಜ್ಜೆ ಹಾಕಿದ. ಗೋಡೆಯ ಗಡಿಯಾರ ಒಂಬತ್ತು ನಲವತ್ತಾರು ತೋರಿಸುತ್ತಿತ್ತು.

ಸೊಸೆ ತನ್ನ ನಾಲ್ಕು ಸಾವಿರ ಸಾಲನ್ನು ಲ್ಯಾಪ್‌ಟಾಪಿನಲ್ಲಿ ಮೇಲಿಂದ ಕೆಳಗೆ ಉರುಳಿಸುತ್ತಿದ್ದಳು. ದೊಡ್ಡಮ್ಮ ಬೆರಳು ಮಡಿಸುತ್ತ ಮನಸ್ಸಿನಲ್ಲೇ ಫೈಲುಗಳನ್ನು ಎಣಿಸಿದಳು. ದಾರಿ ಹುಡುಕುವ ಫೈಲಿಗೆ ಕಿವಿ ಇದೆ, ತಾನೇ ನೋಡಿದ್ದಳು. ಸರದಿಯ ಫೈಲಿಗೂ ಇದೆ. ವಿಳಾಸದ್ದಕ್ಕೆ ಇದೆ. ಹೀಗೆ ಎರಡು ಕೈಯ ಬೆರಳುಗಳು ನಾಲ್ಕು ಸುತ್ತು ಮುಗಿದು ಎರಡು ಹೆಚ್ಚಾಗಿ ನಲವತ್ತೆರಡಕ್ಕೆ ಬಂದವು. ನಲವತ್ತಮೂರನೆಯ ಬೆರಳು ಮಡಿಸುವಾಗ ಅದು ಅರ್ಧದಲ್ಲೇ ನಿಂತಿತು.

ಮೊದಲು ಹುಟ್ಟಿದ ಡಿವೈಸನ್ನು ಹಿರಿಯನೆಂದು ಹಿಡಿದುಕೊಳ್ಳುವುದು ಯಾರು? ಅವನು ಹೋಗುವ ಕಾಲವೊಂದು ಬರುತ್ತದೆ ಎಂದು ಕನಸಿನಲ್ಲೂ ಎಣಿಸದೆ ಹಿಡಿದುಕೊಂಡವರು ಯಾರು? ಡಂಗುರ ಹೊಡೆದರೂ ಕೇಳಿಸದ, ಕಿವಿಯೇ ಇಲ್ಲದ ಫೈಲು ಯಾವುದು? ಕಿವಿ ಇಡಬೇಡ ಎಂದವರು ಯಾರು?

ನೀರಿನ ಕ್ಯಾನಿನವನು, ಕನ್ನಡಕದ ಅಂಗಡಿಯವನು, ಸೊಸೆಯ ತಾಯಿ, ರಾಂಗ್ ನಂಬರಿನವನು, ಇಷ್ಟೂ ಜನ ಸಾಲಾಗಿ ದೊಡ್ಡಮ್ಮನ ಕಣ್ಣಮುಂದೆ ಬಂದು ನಿಂತರು. ಸುಮ್ಮನಿದ್ದುಬಿಡಬಹುದಿತ್ತು. ಪೆಟ್ಟಿಗೆ ಹೇಗೂ ಹೊರಗೆ ಹೋಗುತ್ತಿತ್ತು. ಆದರೆ ತಪ್ಪಿಲ್ಲದ ಹೆಸರು ಹೊತ್ತುಕೊಂಡು ಹೋಗುತ್ತಿತ್ತು. ಬಾಯಿ ಬಿಟ್ಟರೆ ಪೆಟ್ಟಿಗೆ ಉಳಿಯಬಹುದು, ಹೆಸರು ಉಳಿಯುವುದಿಲ್ಲ. ಪಕ್ಕದಲ್ಲಿ ಸೊಸೆ ತುಟಿ ಕಚ್ಚಿಕೊಂಡು, ತಾನು ಮಾಡದ ತಪ್ಪನ್ನು ಮೂರನೆಯ ಸಲ ಹುಡುಕುತ್ತಿದ್ದಳು.

“ಸ್ವಿಚ್ ಮುಟ್ಟಬೇಡಿ,” ಎಂದಳು ದೊಡ್ಡಮ್ಮ. “ಹಿಡ್ಕೊಂಡಿರೋದು ನಾನು.”

ಮೇನೇಜರ್ ಆಕೆಯ ಖಾಲಿ ಕೈಗಳನ್ನು ನೋಡಿದ. “ನೀವು ಏನೂ ಮುಟ್ಟೇ ಇಲ್ಲವಲ್ಲ ಮೇಡಂ.”

“ಇಪ್ಪತ್ತೆರಡು ವರ್ಷದ ಹಿಂದೆ ಮುಟ್ಟಿದ್ದು. ಇವಳ ನಾಲ್ಕು ಸಾವಿರ ಸಾಲಲ್ಲಿ ಒಂದು ಚುಕ್ಕೆನೂ ತಪ್ಪಿಲ್ಲ. ತಪ್ಪು ನಂದು. ಏಳಮ್ಮ, ಸ್ವಲ್ಪ ಕುರ್ಚಿ ಬಿಡು.”

ಸೊಸೆ ಎದ್ದಳು. ಅರ್ಥವಾಗಿತ್ತು. “‘ಹಿರಿಯ’ನಾ ಅತ್ತೆ?” ಎಂದಳು ಮೆಲ್ಲಗೆ. “ಆದ್ರೆ ಬೀಗ ಬಿದ್ದಿದೆ. ಈಗ ಯಾವ ಆಜ್ಞೆನೂ ತಗೊಳ್ಳಲ್ಲ.”

“ನಿನ್ನ ಬೀಗ ಹುಟ್ಟೋ ಮೊದಲು ನಾನು ಬರೆದ ಆಜ್ಞೆ ಒಂದಿದೆ. ಅದು ಯಾರ ಬೀಗಾನೂ ಕೇಳಲ್ಲ.”

ಎರಡು ಕೀ ಒತ್ತಿ ಆಕೆ ಇನ್ನೊಂದು ಪರದೆ ತೆರೆದಳು. ಅಲ್ಲಿ ಹೊಡೆದದ್ದು ಯಾವ ಪುಸ್ತಕದಲ್ಲೂ ಇರದ, ಆಕೆ ಒಂದೇ ಸಲ ಬಳಸಿ ಬಿಟ್ಟಿದ್ದ ಆಜ್ಞೆ: ಹಿರಿತನ ಬದಲಿಸು. ಹಳೆಯ ಹಿರಿಯನನ್ನು ಕೈಬಿಟ್ಟು ಹೊಸಬನನ್ನು ಹಿಡಿಯುವುದು ಅದರ ಕೆಲಸ. ಆದರೆ ಹೊಸಬ ಬೇಕಲ್ಲ. ಇನ್ನೂರ ಮೂವತ್ತೊಂಬತ್ತನ್ನೂ ಈಗ ತಾನೇ ಗುಡಿಸಿಯಾಗಿತ್ತು.

“ಯಾರಿಗೆ ಕೊಡ್ತೀರಿ ಅತ್ತೆ? ಯಾರೂ ಇಲ್ಲ.”

“ಇದ್ದಾನೆ ಒಬ್ಬ. ಯಾವ ಮಳಿಗೆಗೂ ಸೇರದೋನು. ಎಲ್ಲೂ ಹೋಗದೋನು.”

ಪ್ರತಿ ಪೆಟ್ಟಿಗೆಯೊಳಗೂ ಅಂಥದೊಂದು ಡಿವೈಸ್ ಇರುತ್ತದೆ. ಪೆಟ್ಟಿಗೆ ತನ್ನೊಂದಿಗೆ ತಾನೇ ಮಾತಾಡಿಕೊಳ್ಳುವ ಡಿವೈಸು. ಹೊರಗಿನ ಯಾರಿಗೂ ಅದರಿಂದ ಉಪಯೋಗವಿಲ್ಲ, ಹಾಗಾಗಿ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ದೊಡ್ಡಮ್ಮ ಹಿರಿತನವನ್ನು ಅದರ ತಲೆಗೆ ಕಟ್ಟಿ ಕೀ ಒತ್ತಿದಳು.

ಕರ್ನಲ್ ಎಣಿಕೆ ನೋಡುವುದು ಹತ್ತು ಸೆಕೆಂಡ್ ಬಿಟ್ಟು ಹತ್ತು ಸೆಕೆಂಡಿಗೆ. ಆ ಹತ್ತು ಸೆಕೆಂಡು ಎಷ್ಟು ಉದ್ದವಿತ್ತೆಂದರೆ, ಅಷ್ಟರಲ್ಲಿ ಒಂದು ಮನೆ ಕಟ್ಟಿಸಿ ಸುಣ್ಣ ಬಳಿಸಬಹುದಿತ್ತು. ಮೇನೇಜರನ ಕೈ ಸ್ವಿಚ್ಚಿನಿಂದ ಒಂದು ಗೇಣು ದೂರದಲ್ಲಿ ನಿಂತಿತ್ತು. ಎಲೆಕ್ಟ್ರಿಶಿಯನ್ ಗಾಡಿಯ ಹಿಡಿ ಬಿಟ್ಟಿದ್ದ. ಹತ್ತನೆಯ ಸೆಕೆಂಡಿಗೆ ಆ ಸಾಲು ಬರಲಿಲ್ಲ. ಅದರ ಬದಲು ಪುಟ್ಟದಾಗಿ, ‘ಡಿವೈಸ್ ೧: ಹೋಯಿತು’ ಎಂದು ಬಂತು.

ದೊಡ್ಡಮ್ಮ ಕುರ್ಚಿಯಿಂದ ಎದ್ದು ಸೊಸೆಗೆ ಜಾಗ ಬಿಟ್ಟಳು. “ಹುಟ್ಟಿಸು ಎಲ್ಲಾನೂ. ಆಮೇಲೆ ಒಂದೂ ಬಿಡದ ಹಾಗೆ ತೆಗಿ. ಆಮೇಲೆ ಮತ್ತೆ ಹುಟ್ಟಿಸು. ಸಾಹೇಬರು ಸಾಕು ಅನ್ನೋವರೆಗೂ ಮಾಡ್ತಾ ಇರು.”

ಸಾಹೇಬರು ಐದನೆಯ ಸಲಕ್ಕೆ ಸಾಕು ಅಂದರು. ಒಂಬತ್ತು ಐವತ್ತೈದಕ್ಕೆ ಇನ್ನೂರ ನಲವತ್ತು ಡಿವೈಸುಗಳೂ ತಮ್ಮ ತಮ್ಮ ಮಳಿಗೆಯವರಿಗಾಗಿ ಕಾದು ನಿಂತಿದ್ದವು. ಪೆಟ್ಟಿಗೆ ಒಂದು ಸಲವೂ ಆರಿರಲಿಲ್ಲ. ಮೇನೇಜರ್ ಸೊಸೆಯ ಎದುರು ನಿಂತು, ಶಿಳ್ಳೆಯ ದಾರವನ್ನು ಬೆರಳಿಗೆ ಸುತ್ತುತ್ತ, “ಆಗ ಅಂದದ್ದು ಮನಸ್ಸಲ್ಲಿ ಇಟ್ಕೋಬೇಡಮ್ಮ” ಎಂದ. ಆಮೇಲೆ ಗಾಡಿಯ ಕಡೆ ತಿರುಗಿ ನಾಲ್ಕು ಸಲ ಶಿಳ್ಳೆ ಹೊಡೆದ.

“ನಾಲ್ಕು,” ಎಂದ ಎಲೆಕ್ಟ್ರಿಶಿಯನ್ ದೊಡ್ಡಮ್ಮನಿಗೆ ಕೇಳುವಂತೆ. ಕಪ್ಪು ಪೆಟ್ಟಿಗೆಯನ್ನು ಅದರ ಡಬ್ಬದೊಳಗಿಟ್ಟು ಗಾಡಿಗೆ ಏರಿಸಿದ. ಹೊರಡುವ ಮುಂಚೆ ತನ್ನ ಫೋನ್ ನೋಡಿಕೊಂಡು ಮುಖ ಸಿಂಡರಿಸಿದ. ಕುಸ್ತಿ ಮುಗಿದುಹೋಗಿತ್ತು. “ಕತ್ತು ಹಿಡಿದೋನು ಬಿಟ್ನಾ ಇಲ್ವಾ ಅಂತ ನೋಡೋಕೇ ಆಗಲಿಲ್ಲ ನಿಮ್ಮಿಂದ.”

“ಬಿಟ್ಟಳು,” ಎಂದಳು ದೊಡ್ಡಮ್ಮ.

ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಎಲ್ಲರನ್ನೂ ತನ್ನ ಮೇಜಿನ ಸುತ್ತ ನಿಲ್ಲಿಸಿಕೊಂಡು ಆಕೆ ‘ಹಿರಿಯ’ ಫೈಲನ್ನು ತೆರೆದಳು. ಎಂಟು ಸಾಲಿನ ಕಿವಿಯನ್ನು ಸೊಸೆಯ ಕೈಯಿಂದಲೇ ಬರೆಸಿದಳು. ಪ್ರತಿ ತಿದ್ದುಪಡಿಯ ಜೊತೆ ಅದು ಏನು, ಯಾಕೆ ಎಂದು ಒಂದು ಟಿಪ್ಪಣಿ ಬರೆಯುವುದು ಆಫೀಸಿನ ಪದ್ಧತಿ. ಸೊಸೆ ಸಂಕೋಚದಿಂದ ‘ಸಣ್ಣ ಬದಲಾವಣೆ’ ಎಂದು ಬರೆದಿದ್ದಳು. ದೊಡ್ಡಮ್ಮ ಅದನ್ನು ಅಳಿಸಿ ತಾನೇ ಬರೆದಳು: ‘ತಪ್ಪು ಅತ್ತೆಯದು. ತಿದ್ದಿದ್ದು ಸೊಸೆ.’ ಆಮೇಲೆ ಫೈಲಿನ ನೆತ್ತಿಗೆ ಹೋಗಿ, ‘ಇಲ್ಲಿ ತಪ್ಪಿಲ್ಲ’ ಎಂಬ ವಾಕ್ಯದ ಮೇಲೆ ಕರ್ಸರ್ ಇಟ್ಟಳು. ಅದನ್ನು ಅಳಿಸಲು ಮನಸ್ಸು ಬರಲಿಲ್ಲ. ‘ಈಗ’ ಎಂಬ ಪದವನ್ನು ಮೊದಲಿಗೆ ಸೇರಿಸಿದಳು. ‘ನನ್ನನ್ನು ಕೇಳಿ’ ಎಂದಿದ್ದ ಕಡೆ ‘ಸೊಸೆಯನ್ನು ಕೇಳಿ’ ಎಂದು ತಿದ್ದಿದಳು.

“ಇದೇನು ಅತ್ತೆ?”

“ಇನ್ನು ಮೇಲೆ ನಿನ್ನನ್ನ ಕೇಳಲಿ. ನನ್ನನ್ನಂತೂ ಯಾರೂ ಕೇಳಲಿಲ್ಲ.”

ಸೊಸೆ ಮೂಗಿನಿಂದ ಒಂದು ಸಣ್ಣ ಸದ್ದು ಮಾಡಿದಳು. ದೊಡ್ಡಮ್ಮನಿಗೆ ಜೀವಮಾನದಲ್ಲಿ ಅಂಥ ಸದ್ದು ಸಿಕ್ಕಿದ್ದು ಅದೇ ಮೊದಲು.

ಅಷ್ಟರಲ್ಲಿ ನೀರಿನ ಕ್ಯಾನಿನವನು ಕ್ಯಾನನ್ನು ಭುಜದಿಂದ ಇಳಿಸುತ್ತ, ಎಂದಿನ ಮಾತಿಗೆ ಸಿದ್ಧನಾಗಿ, “ದೊಡ್ಡಮ್ಮ, ಇನ್ನೂ ತಪ್ಪು ಸಿಕ್ಕಿಲ್ವಾ?” ಎಂದ.

“ಸಿಕ್ತಪ್ಪ,” ಎಂದಳು ದೊಡ್ಡಮ್ಮ. “ಕೂತ್ಕೋ, ಹೇಳ್ತೀನಿ. ಇಪ್ಪತ್ತೆರಡು ವರ್ಷಕ್ಕೆ ಒಂದೇ ಒಂದು. ಸಾವಿರದ ನೂರು ಸಲ ಪರೀಕ್ಷೆ ಮಾಡಿದ್ರೂ ಸಿಗದೇ ಇರೋ ಅಂಥ ತಪ್ಪು. ಅಂಥ ತಪ್ಪು ಮಾಡೋಕೆ ಎಲ್ಲರಿಂದಲೂ ಆಗಲ್ಲ. ಮತ್ತೆ ನನ್ನ ಸೊಸೆ ಇದಾಳಲ್ಲ, ಅವಳ ಮೊದಲ ಹನ್ನೊಂದು ಸಾಲು ನೋಡಿದಾಗಲೇ ನಾನು ಹೇಳಿದ್ದೆ...”

ಕ್ಯಾನಿನವನು ನಿಟ್ಟುಸಿರು ಬಿಟ್ಟು, ಕುರ್ಚಿ ಎಳೆದುಕೊಂಡು ಕೂತ.